ಲ್ಯಾಪ್‌ಟಾಪ್ ಮಡಿಲಲ್ಲಿ ಇಡಬೇಡಿ ಮಾರಾಯ್ರೆ

ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಹಳೇ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು ನಾನು. ಮೊದಲ ವರ್ಷ ಪೂರ್ತಿ ಹಾಸಿಗೆಯಲ್ಲೇ ಆಫೀಸು. ಗೋಡೆಗೆ ಒರಗಿ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕುತ್ತಿಗೆ ಬಗ್ಗಿಸಿ. ಮಧ್ಯಾಹ್ನದ ಹೊತ್ತಿಗೆ ಅದರ ಫ್ಯಾನು ಗಿರ್ರೆನ್ನುತ್ತಿತ್ತು. ಹೊದಿಕೆ ಹೋಗಿ ಅಡಿಯ ತೂತುಗಳನ್ನು ಮುಚ್ಚಿದರೆ ಗಾಳಿ ಎಲ್ಲಿಂದ ಬರಬೇಕು, ಅಲ್ವಾ? ಆ ಬಿಸಿಗೆ ಬ್ಯಾಟರಿಯೂ ಬೇಗ ಹಾಳು. ದಿನಾ ತೊಡೆಗೆ ತಾಗುತ್ತಿದ್ದರೆ ಚರ್ಮದಲ್ಲಿ ಬಲೆಯಂಥ ಕಂದು ಗುರುತು ಬೀಳುವುದೂ ಉಂಟು.

ನನಗೆ ಸಿಕ್ಕಿದ್ದು ಕುತ್ತಿಗೆ ನೋವು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಬೇಕಿತ್ತು.

ತಪ್ಪು ನಮ್ಮದು ಮಾತ್ರ ಅಲ್ಲ, ಯಂತ್ರದ್ದೂ ಹೌದು ಅಂತ ನನ್ನ ಲೆಕ್ಕ. ಪರದೆ, ಕೀಬೋರ್ಡ್ ಎರಡೂ ಅಂಟಿಕೊಂಡೇ ಇವೆ. ಕೈಗೆ ಹದವಾದ ಎತ್ತರದಲ್ಲಿಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಹದವಾಗಿಟ್ಟರೆ ಭುಜ ಮೇಲೇರುತ್ತದೆ. ಸ್ಟ್ಯಾಂಡಿಗೆ ದುಡ್ಡು ಸುರಿಯುವ ಬದಲು ನಾನು ಅಟ್ಟದಿಂದ ನಾಲ್ಕು ಹಲಸಿನ ಮಣೆ ಇಳಿಸಿ ಒಂದರ ಮೇಲೊಂದು ಪೇರಿಸಿದೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು, ಬೇರೆ ಕೀಬೋರ್ಡ್ ತಂದು ಮೇಜಿನ ಮೇಲಿಟ್ಟೆ, ಮೊಣಕೈ ಸುಮಾರು 90 ಡಿಗ್ರಿಗೆ ಆರಾಮಾಗಿ ನಿಂತಿತು. "ಉಣ್ಲಿಕ್ಕೆ ಕೂರುವ ಮಣೆ ಅದು, ಇದೆಂತ ಅವಸ್ಥೆ ಮಾರಾಯ" ಅಂದಳು ಅಮ್ಮ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡು ನೋಡಬೇಕಂತೆ; ಕಿಟಕಿಯಾಚೆ ಅಡಿಕೆ ಮರ ಇದೆ, ಸಾಕು.

ಇನ್ನು ಕರೆಂಟಿನ ವಿಷಯ. ನನ್ನದು ಲೋಹದ ಮೈಯ ಲ್ಯಾಪ್‌ಟಾಪ್. ಚಾರ್ಜಿಗಿಟ್ಟು ಬೆರಳಲ್ಲಿ ಮೆಲ್ಲ ಸವರಿದರೆ ಜುಮ್ ಜುಮ್ ಅನ್ನುತ್ತಿತ್ತು. ನೋಡಿದರೆ ಹಳೇ ಸಾಕೆಟ್ಟಿಗೆ ಅರ್ಥಿಂಗೇ ಇಲ್ಲ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಯರೇ ಇಲ್ಲ! ಚಾರ್ಜರಿನಿಂದ ಸೋರುವ ಚೂರು ಕರೆಂಟಿಗೆ ಹೋಗಲು ಬೇರೆ ದಾರಿಯಿಲ್ಲದೆ ನಮ್ಮ ಕೈಯನ್ನೇ ಹಿಡಿಯುತ್ತದೆ. ಅರ್ಥಿಂಗ್ ಮಾಡಿಸಿದ ಮೇಲೆ ನಿಂತಿತು. ಅರ್ಥಿಂಗಿನ ಮೂರನೇ ಪಿನ್ನೇ ಇಲ್ಲದ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವವರು ಇದನ್ನೊಮ್ಮೆ ಯೋಚಿಸಿ.

ಅಕ್ಟೋಬರ್-ನವೆಂಬರಿನ ಸಂಜೆ ಗುಡುಗು ನಮ್ಮೂರವರಿಗೆ ಹೊಸತಲ್ಲ. ಆದರೂ ಸ್ವಿಚ್ ಆಫ್ ಮಾಡಿ ಸುಮ್ನೆ ಕೂರುವವರೇ ಜಾಸ್ತಿ. ಸ್ವಿಚ್ಚಿನೊಳಗಿನ ಚೂರು ಸಂದು ಸಿಡಿಲಿಗೆ ಒಂದು ಲೆಕ್ಕವೇ ಅಲ್ಲ. ಗುಡುಗು ದೂರ ಇರುವಾಗಲೇ ಪ್ಲಗ್ ಕಿತ್ತುಬಿಡಿ, ಮೋಡೆಮ್ಮಿನಿಂದ ಬರುವ ವಯರನ್ನೂ. ಬ್ಯಾಟರಿ ಇರುವುದು ಮತ್ತೆ ಯಾಕೆ?

ಮೊನ್ನೆ ಮನೆಯಲ್ಲಿ ತಿಥಿ. ಊಟಕ್ಕೆ ನಾಲ್ಕು ಮಣೆ ಕಮ್ಮಿ ಬಿತ್ತು. ಅಮ್ಮ ಒಂದು ಮಾತೂ ಆಡದೆ ನನ್ನ ಮೇಜಿನ ಕಡೆ ನೋಡಿದಳು.