ಉಳಿದವರು ಒದಗಿಸಬೇಕಾದ ಸಾಕ್ಷಿ

ಕಾಯಿಲೆ ವಾಸಿಯಾಗಲೆಂದು ಸಡಾಕೊ ಸಸಾಕಿ ಮಡಚುತ್ತಿದ್ದ ಕಾಗದದ ಕೊಕ್ಕರೆಗಳ ಕಥೆ ನಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು. ಹಿರೋಶಿಮಾದಲ್ಲಿ ಬಾಂಬು ಬಿದ್ದಾಗ ಎರಡು ವರ್ಷದ ಮಗುವಾಗಿದ್ದ ಆಕೆ 1955ರಲ್ಲಿ, ಹನ್ನೆರಡರ ಪ್ರಾಯದಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಕಥೆಗೆ ಮನಸ್ಸು ಕರಗುವುದು ಸಹಜ. ಆದರೆ ಅಣುಬಾಂಬಿನ ಮಾತು ಬಂದಾಗಲೆಲ್ಲ ನಾವು ಸತ್ತ ಮಗುವಿನ ಬಳಿಯೇ ನಿಂತುಬಿಡುತ್ತೇವೆ. ಸಾಯದೆ ಉಳಿದವರು ಆಮೇಲೆ ಯಾರ ಯಾರ ಬಾಗಿಲು ತಟ್ಟಬೇಕಾಯಿತು ಎಂದು ವಿಚಾರಿಸುವುದೇ ಇಲ್ಲ ಎಂಬುದು ನನ್ನ ತಕರಾರು.

ಹಿಬಾಕುಶಾ ಎಂದು ಕರೆಯಲಾಗುವ ಈ ಜನರ ಚಿಕಿತ್ಸೆಗೆಂದೇ ಜಪಾನ್ ಒಂದು ಕಾನೂನು ಮಾಡಿದ್ದು 1957ರಲ್ಲಿ, ಅಂದರೆ ಬಾಂಬು ಬಿದ್ದು ಹನ್ನೆರಡು ವರ್ಷಗಳಾದ ಮೇಲೆ. ಅದಕ್ಕೂ ಮೊದಲು, 1947ರಲ್ಲಿ, ಅಮೆರಿಕ ಹಿರೋಶಿಮಾದಲ್ಲಿ ಒಂದು ಆಯೋಗ ತೆರೆದಿತ್ತು. ಅಲ್ಲಿ ಬಟ್ಟೆ ಬಿಚ್ಚಿಸಿ ಮೈ ಪರೀಕ್ಷಿಸಿದರು, ರಕ್ತ ತೆಗೆದರು, ಎಲ್ಲವನ್ನೂ ಬರೆದುಕೊಂಡರು, ಮನೆಗೆ ಕಳಿಸಿದರು. ಅದರ ಕೆಲಸ ಅಧ್ಯಯನವೇ ಹೊರತು ಚಿಕಿತ್ಸೆಯಲ್ಲ. ಇಂದು ಎಕ್ಸ್‌ರೇ ಕೋಣೆಯ ಸಿಬ್ಬಂದಿ ಎಷ್ಟು ವಿಕಿರಣ ತಾಳಬಹುದು ಎಂಬ ಲೆಕ್ಕಕ್ಕೆ ಬಹುಮಟ್ಟಿಗೆ ಆಧಾರವಾಗಿರುವುದು ಇವರ ದೇಹದಿಂದ ಸಿಕ್ಕ ಮಾಹಿತಿಯೇ ಎಂಬುದನ್ನು ಮರೆಯಬಾರದು.

ನಾಗಸಾಕಿಯ ತಾನಿಗುಚಿ ಸುಮಿತೆರು ಆಗ ಹದಿನಾರು ವರ್ಷದ ಅಂಚೆ ಹುಡುಗ. ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದವನ ಬೆನ್ನು ಪೂರ್ತಿ ಸುಟ್ಟಿತು. ಸುಮಾರು ಒಂದೂಮುಕ್ಕಾಲು ವರ್ಷ ಬೋರಲಾಗಿಯೇ ಮಲಗಿದ್ದರಿಂದ ಎದೆಯ ಮಾಂಸವೂ ಹುಣ್ಣಾಗಿ ಕೊಳೆಯಿತು. 1949ರಲ್ಲಿ ಆಸ್ಪತ್ರೆಯಿಂದ ಹೊರಬಂದು ಆತ ಮತ್ತೆ ಕೆಲಸಕ್ಕೆ ಹೋದರು, 2017ರವರೆಗೆ ಬದುಕಿದರು. ಗಾಯ ಕಾಣದವರ ಪಾಡೂ ಸುಲಭವಿರಲಿಲ್ಲ. ಹುಟ್ಟುವ ಮಕ್ಕಳಿಗೆ ದೋಷ ತಗಲುತ್ತದೆಂಬ ಭಯದಿಂದ ಸಂಬಂಧಗಳು ಮುರಿದುಬೀಳುತ್ತಿದ್ದವು. ಹಾಗಾಗಿ ಎಷ್ಟೋ ಜನ ತಾವು ಆ ಊರಲ್ಲಿದ್ದುದನ್ನೇ ಬಚ್ಚಿಟ್ಟರು. ದಶಕಗಳ ಅಧ್ಯಯನದಲ್ಲಿ ಅಂಥ ಆನುವಂಶಿಕ ಪರಿಣಾಮ ಕಂಡುಬಂದಿಲ್ಲ, ಆದರೆ ಆ ಹೊತ್ತಿಗೆ ಮದುವೆಯ ವಯಸ್ಸು ದಾಟಿಹೋಗಿತ್ತು.

ಹೀಗೆ ಬಚ್ಚಿಟ್ಟವರು ಮುಂದೆ ಉಚಿತ ಚಿಕಿತ್ಸೆಗೆ ಬೇಕಾದ ಸರ್ಕಾರದ ಆರೋಗ್ಯ ಪುಸ್ತಕಕ್ಕೆ ಅರ್ಜಿ ಹಾಕಿದಾಗ, ದಾಖಲೆ ಇಲ್ಲದಿದ್ದರೆ, ಅಲ್ಲಿದ್ದುದಕ್ಕೆ ಸಾಕ್ಷಿದಾರರನ್ನು ತರಬೇಕಿತ್ತು. ಅಕ್ಕಪಕ್ಕದವರೆಲ್ಲ ಸುಟ್ಟು ಬೂದಿಯಾದ ಬೀದಿಯವರು ಯಾರನ್ನು ಕರೆತಂದಾರು? ಹಿರೋಶಿಮಾದಲ್ಲಿ ಬಾಂಬಿಗೆ ಸಿಕ್ಕಿ, ಯುದ್ಧದ ನಂತರ ಕೊರಿಯಾದಲ್ಲಿ ನೆಲೆಸಿದ್ದ ಸೋನ್ ಜಿನ್-ದೂ ಚಿಕಿತ್ಸೆಗಾಗಿ 1970ರಲ್ಲಿ ಕಳ್ಳದಾರಿಯಿಂದ ಜಪಾನಿಗೆ ಬಂದು, ಆ ಪುಸ್ತಕದ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1978ರಲ್ಲಿ ಗೆದ್ದರು. ಆದರೂ ಜಪಾನ್ ಬಿಟ್ಟು ಹೊರಟರೆ ಹಿಬಾಕುಶಾಗಳ ಭತ್ಯೆ ನಿಲ್ಲುತ್ತದೆಂಬ 1974ರ ಆದೇಶ 2003ರವರೆಗೂ ಜಾರಿಯಲ್ಲಿತ್ತು. ಬಾಂಬು ಬಿದ್ದ ಮೇಲೆ ಸುರಿದ, ವಿಕಿರಣ ತುಂಬಿದ ಕಪ್ಪು ಮಳೆಯಲ್ಲಿ ನೆನೆದ 84 ಮಂದಿಗೆ, ಅವರೂ ಹಿಬಾಕುಶಾಗಳೇ ಎಂದು ಹೈಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು 2021ರಲ್ಲಿ. ನನಗೆ ಇದನ್ನು ವಿಳಂಬ ಎನ್ನಲು ಮನಸ್ಸಾಗುವುದಿಲ್ಲ. ಅರ್ಜಿದಾರರು ಸಾಯಲಿ ಎಂದು ಕಾದಂತೆ ಕಾಣುತ್ತದೆ.

2024ರಲ್ಲಿ ಹಿಬಾಕುಶಾಗಳ ಸಂಘಟನೆಯಾದ ನಿಹೋನ್ ಹಿದಾಂಕ್ಯೋಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದರ ಪರವಾಗಿ 92 ವರ್ಷದ ತಾನಾಕಾ ತೆರುಮಿ ಓಸ್ಲೋದಲ್ಲಿ ಮಾತನಾಡಿದರು. ಸತ್ತವರಿಗೆ ಸರ್ಕಾರ ಈವರೆಗೂ ಯಾವ ಪರಿಹಾರವನ್ನೂ ಕೊಟ್ಟಿಲ್ಲ ಎಂಬ ಮಾತನ್ನು ಅವರು ಅಲ್ಲಿ ಎರಡು ಸಲ ಹೇಳಿದರು. ಯುದ್ಧದ ನಷ್ಟವನ್ನು ಪ್ರಜೆಗಳೆಲ್ಲ ಸಹಿಸಿಕೊಳ್ಳಬೇಕು ಎಂಬುದು ಸರ್ಕಾರದ ಹಳೆಯ ವಾದ. ಯುದ್ಧ ಬೇಕೋ ಬೇಡವೋ ಎಂದು ಆ ಪ್ರಜೆಗಳನ್ನು ಯಾರೂ ಕೇಳಿರಲಿಲ್ಲ.