ಭೈರವಿಯಲ್ಲೇ ಶುರುವಾಗುವ ಕಛೇರಿ

ನಿನ್ನೆ ಮುಂಬೈನ ಮಾಟುಂಗದಲ್ಲಿ ನಮ್ಮ ಓದುವ ಗುಂಪು ಸೇರಿತ್ತು. ಒಂದು ಪ್ರೇಮ ಕಾದಂಬರಿಯನ್ನು ಎಲ್ಲರೂ ಕಣ್ಣೊರೆಸಿಕೊಂಡು ಹೊಗಳಿದ್ದೇ ಹೊಗಳಿದ್ದು. ಹೆಸರು ಹೇಳಲ್ಲ, ಪುಕ್ಕಟೆ ಪ್ರಚಾರ ಆಗುತ್ತೆ. ಹೆಂಡತಿಯನ್ನು ಕಳೆದುಕೊಂಡ ಅವನು, ಗಂಡನನ್ನು ಕಳೆದುಕೊಂಡ ಇವಳು. ಪುಣೆಯ ಕಛೇರಿಯೊಂದರಲ್ಲಿ ಅಕ್ಕಪಕ್ಕ ಕೂರುತ್ತಾರೆ. ಗಾಯಕಿ ಬಾಯಿ ತೆರೆದದ್ದೇ ತಡ, ಇಬ್ಬರ ಕಣ್ಣಲ್ಲೂ ನೀರು. ಮುಂದಿನ ಅಧ್ಯಾಯದಲ್ಲಿ ಕಾಫಿ. ಅದರ ಮುಂದಿನದರಲ್ಲಿ ಮಹಾಬಳೇಶ್ವರ.

ಇಷ್ಟು ಸಲೀಸಾ?

ಆ ಗಾಯಕಿ ಸಂಜೆ ಕಛೇರಿ ಶುರು ಮಾಡೋದೇ ಭೈರವಿಯಿಂದ! ಹಿಂದೂಸ್ತಾನಿ ಕಛೇರಿ ಮುಗಿಸೋ ರಾಗ ಅದು, ಭೈರವಿ ಬಂತು ಅಂದ್ರೆ ಜನ ಚಪ್ಪಲಿ ಹುಡುಕೋಕೆ ಏಳ್ತಾರೆ ಸ್ವಾಮಿ. ಇಡೀ ಪುಸ್ತಕದಲ್ಲಿ ಯಾರೂ ತಂಬೂರಿ ಶ್ರುತಿ ಮಾಡಲ್ಲ. ಸಭೆಯಲ್ಲಿ ಒಬ್ಬರೂ ಕೆಮ್ಮಲ್ಲ. 'ಕಾದಂಬರಿ ಕಣ್ರೀ, ರಾಗದ ಪರೀಕ್ಷೆ ಅಲ್ಲ' ಅಂದರು ಒಬ್ಬರು. ಆಯ್ತಪ್ಪ. ಅದೇ ನಾಯಕಿ ಚರ್ಚ್‌ಗೇಟ್‌ನಲ್ಲಿ ಲೋಕಲ್ ಹತ್ತಿ ಸೀದಾ ಬೇರೆ ಲೈನಿನ ಠಾಣೆಯಲ್ಲಿ ಇಳಿದಿದ್ದರೆ ಇವರೇ ಪುಸ್ತಕ ಎಸೆಯುತ್ತಿದ್ದರು. ಸಂಗೀತಕ್ಕಾದರೆ ಏನು ಬರೆದರೂ ನಡೆಯುತ್ತೆ, ಅಲ್ವಾ?

ರಾಗ ತಪ್ಪಿದ್ದನ್ನು ಬೇಕಾದರೆ ಬಿಟ್ಟುಬಿಡೋಣ. ಹಾಡು ಒಳಗಿಳಿಯೋಕೆ ಹೊತ್ತು ಬೇಕು. ಆ ಹೊತ್ತನ್ನೇ ಈ ಲೇಖಕರು ಕೊಡಲ್ಲ.

ಗದಗದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿ 11ನೇ ವಯಸ್ಸಿಗೆ ಮನೆ ಬಿಟ್ಟರು. ಗುರು ಬೇಕು ಅಂತ ಗ್ವಾಲಿಯರ್, ಜಲಂಧರ್ ಎಲ್ಲಾ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ. ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರು. ಅವರ ಮನೆಗೆ ನೀರು ಹೊತ್ತುಕೊಂಡು ವರ್ಷಗಟ್ಟಲೆ ಕಲಿತರು. ಗುರು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ನೆನಪಿನ ಉತ್ಸವ ಶುರುವಾಯ್ತು. ಪ್ರೀತಿ, ಸಾವು, ಅಪರಿಚಿತರು, ಸಂಗೀತ ಎಲ್ಲಾ ಇದೆಯಲ್ಲ ಇದರಲ್ಲಿ? ಕಾಫಿ ಮಾತ್ರ ಇಲ್ಲ.

ಆ ಉತ್ಸವದಲ್ಲಿ ನೆಲದ ಮೇಲೆ ಪಕ್ಕ ಕೂತ ಹೆಂಗಸು ನನಗೆ ಹೇಳಿದ್ದು ಒಂದೇ ಮಾತು. 'ಜರಾ ಸರ್ಕಾ.' ಸರಿದೆ. ರಾತ್ರಿವರೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೆವು. ಹೆಸರು ಕೂಡ ಕೇಳಲಿಲ್ಲ.

ಇನ್ನು ದುಃಖದ ವಿಷಯ. ಕಾದಂಬರಿಯಲ್ಲಿ ಸತ್ತವರ ನೆನಪಾದ ಕೂಡಲೇ ಹಾಡು ಹಾಕಿಕೊಂಡು ಹಗುರಾಗ್ತಾರೆ. ಅಪ್ಪ ಹೋದಮೇಲೆ ನನಗೆ ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳೋಕೇ ಆಗುತ್ತಿರಲಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ತಪ್ಪದೆ ಹಾಕುತ್ತಿದ್ದ ಕ್ಯಾಸೆಟ್ ಅದು. ಡಬ್ಬಿಯ ಮೇಲೆ ಅವರದೇ ಓರೆ ಅಕ್ಷರ, 'ಮುಟ್ಟಬಾರದು' ಅಂತ. ನಾನು ಮುಟ್ಟಲಿಲ್ಲ. ತಿಂಗಳುಗಳು ಕಳೆದಮೇಲೆ ಪಕ್ಕದ ಮನೆಯ ಮರಾಠಿ ಅಜ್ಜಿ ಬಾಗಿಲು ತಟ್ಟಿ, 'ಗಾಣಂ ಕಾ ಬಂದ್ ಕೇಲಂ?', ಹಾಡು ಯಾಕೆ ನಿಲ್ಲಿಸಿದ್ದು ಅಂತ ಜಗಳದ ದನಿಯಲ್ಲಿ ಕೇಳಿದರು. ಗೋಡೆಯಾಚೆಯಿಂದ ಅವರೂ ಇಷ್ಟು ವರ್ಷ ಕೇಳುತ್ತಿದ್ದರಂತೆ. ಅಪ್ಪನಿಗೂ ಅವರಿಗೂ ಮಾತೇ ಇರಲಿಲ್ಲ, ನೀರಿನ ಪೈಪಿನ ಹಳೇ ಜಗಳ.

ಇದನ್ನೆಲ್ಲ ಗುಂಪಿನಲ್ಲಿ ಹೇಳಿದರೆ, 'ಇದರಲ್ಲಿ ರೊಮಾನ್ಸ್ ಎಲ್ಲಿದೆ?' ಅಂದರು. ಮುಂದಿನ ತಿಂಗಳಿಗೂ ಅದೇ ಲೇಖಕರ ಪುಸ್ತಕ ಆರಿಸಿದ್ದಾರೆ. ಮುಖಪುಟದಲ್ಲಿ ಕೊಳಲು. ಹೋಗ್ತೀನಿ, ಜಗಳ ಆಡೋಕಾದರೂ.