ಸ್ಪಷ್ಟನೆ: ನೋರಾ ರಾಬರ್ಟ್ಸ್ ಮತ್ತು ಜೆ.ಡಿ. ರಾಬ್ ಒಬ್ಬರೇ

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಓದುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ನೋರಾ ರಾಬರ್ಟ್ಸ್ ಎಂಬ ಕಾದಂಬರಿಕಾರ್ತಿಯೇ ಇಲ್ಲವಂತೆ, ಅದು ಬಾಡಿಗೆ ಬರಹಗಾರರ ತಂಡದ ಹೆಸರಂತೆ, ಜೆ.ಡಿ. ರಾಬ್ ಎಂಬಾತನ ಕಥೆಗಳನ್ನು ಆ ತಂಡ ಕದ್ದಿದೆಯಂತೆ. ಎರಡೂ ಸುಳ್ಳು.

ನೋರಾ 1950ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದವರು. 1979ರ ಫೆಬ್ರುವರಿಯಲ್ಲಿ ಹಿಮಪಾತದಿಂದಾಗಿ ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ಮನೆಯಲ್ಲೇ ಉಳಿಯಬೇಕಾಗಿ ಬಂದಾಗ ಬರೆಯಲು ಕೂತರು. ಹಲವು ಹಸ್ತಪ್ರತಿಗಳು ವಾಪಸ್ ಬಂದವು. ಮೊದಲ ಕಾದಂಬರಿ ಅಚ್ಚಾದದ್ದು 1981ರಲ್ಲಿ; ಈಗ ಅವು 200 ದಾಟಿವೆ. ಇಷ್ಟನ್ನು ಒಬ್ಬರೇ ಬರೆದರೇ ಎಂಬ ಅನುಮಾನ ಸಹಜ. ಆದರೆ ದಿನವೂ ಆರೆಂಟು ತಾಸು ಕೂತು ಬರೆಯುವುದು ಅವರ ಶಿಸ್ತು.

ಆ ವೇಗಕ್ಕೆ ತಕ್ಕಂತೆ ಪ್ರಕಟಿಸಲು ಪ್ರಕಾಶಕರಿಗೆ ಆಗದಿದ್ದಾಗ ಹುಟ್ಟಿದ್ದೇ ಜೆ.ಡಿ. ರಾಬ್ ಎಂಬ ಕಾವ್ಯನಾಮ. ಮಕ್ಕಳ ಹೆಸರುಗಳ ಮೊದಲಕ್ಷರ, ರಾಬರ್ಟ್ಸ್ ಹೆಸರಿನ ತುಣುಕು ಸೇರಿ ಆದದ್ದು. 1995ರಿಂದ ಈ ಹೆಸರಿನಲ್ಲಿ ಬರುತ್ತಿರುವುದು ಪೊಲೀಸ್ ಅಧಿಕಾರಿ ಈವ್ ಡಲ್ಲಾಸ್‌ಳ ಸರಣಿ: 2058ರ ನ್ಯೂಯಾರ್ಕ್, ಕೊಲೆಯ ತನಿಖೆ, ನಡುವೆ ಗಾಢ ಪ್ರೇಮ.

ಕಳವಿನ ಮಾತು ನನಗೆ ಹೆಚ್ಚು ನೋವು ತಂದದ್ದು, ಏಕೆಂದರೆ ನಿಜ ತಿರುಗುಮುರುಗು. ನೋರಾ ಪುಸ್ತಕಗಳಿಂದ ನಕಲು ಮಾಡಿದ್ದಾಗಿ 1997ರಲ್ಲಿ ಒಪ್ಪಿಕೊಂಡವರು ಇನ್ನೊಬ್ಬ ಜನಪ್ರಿಯ ಲೇಖಕಿ ಜ್ಯಾನೆಟ್ ಡೇಲಿ. ಪರಿಹಾರವಾಗಿ ಬಂದ ಹಣವನ್ನು ನೋರಾ ಸಾಕ್ಷರತೆಯ ಕೆಲಸಕ್ಕೆ ಕೊಟ್ಟರು.

ಆ ಸಂದೇಶ ಹಂಚಿದ ಗೆಳೆಯರು ದಯವಿಟ್ಟು ಅದನ್ನು ಅಳಿಸಿ, ಅದೇ ಗುಂಪುಗಳಿಗೆ ಇದನ್ನು ಕಳಿಸಿ.